ಜೈಲಿನ ಖರ್ಚು: ಸದನ ಕೇಳುವ ಲೆಕ್ಕ, ಕೇಳದೆ ಬಿಡುವ ಲೆಕ್ಕ

ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ ಕೊಟ್ಟ ಅಂಕಿಅಂಶದಂತೆ 2022ರ ಡಿಸೆಂಬರ್ 31ರಂದು ದೇಶದ 1,330 ಜೈಲುಗಳಲ್ಲಿ 5,73,220 ಮಂದಿ ಇದ್ದರು. ಆ ಜೈಲುಗಳ ಒಟ್ಟು ಸಾಮರ್ಥ್ಯ 4,36,266. ಒಳಗಿದ್ದವರಲ್ಲಿ ವಿಚಾರಣಾಧೀನರೇ 4,34,302. ಅಂದರೆ ಶಿಕ್ಷೆಯಾದ ಒಬ್ಬ ಕೈದಿಯೂ ಇಲ್ಲದಿದ್ದರೂ ದೇಶದ ಜೈಲುಗಳು ಹೆಚ್ಚುಕಡಿಮೆ ತುಂಬಿಯೇ ಇರುತ್ತಿದ್ದವು. ಹೊಸ ಬ್ಯಾರಕ್ ಕಟ್ಟಬೇಕು, ಅಕ್ಕಿ ಬೇಳೆ ಕೊಳ್ಳಬೇಕು, ವಾರ್ಡರ್‌ಗಳಿಗೆ ಸಂಬಳ ಕೊಡಬೇಕು ಎಂದು ಸರ್ಕಾರಗಳು ಪ್ರತಿವರ್ಷ ಸದನದ ಮುಂದಿಡುವ ಬೇಡಿಕೆಯ ಗಾತ್ರ ಬಹುಮಟ್ಟಿಗೆ ತೀರ್ಮಾನವಾಗುವುದು ಕೋರ್ಟಿನ ಹಾಲ್‌ನಲ್ಲಿ: ವಿಚಾರಣೆ ಎಷ್ಟು ವರ್ಷ ಎಳೆಯಿತು, ಜಾಮೀನು ಸಿಕ್ಕವನಿಗೆ ಶ್ಯೂರಿಟಿ, ಅಂದರೆ ಅವನ ಪರ ಹೊಣೆ ನಿಲ್ಲುವವರು, ಸಿಕ್ಕರೇ ಎಂಬುದರ ಮೇಲೆ.

ಹೀಗಿದ್ದೂ ಸಂಸತ್ತಿನಲ್ಲಾಗಲಿ ವಿಧಾನಸಭೆಗಳಲ್ಲಾಗಲಿ ಜೈಲಿನ ಲೆಕ್ಕವನ್ನೂ ಕೋರ್ಟಿನ ಲೆಕ್ಕವನ್ನೂ ಒಟ್ಟಿಗೆ ಇಟ್ಟು ನೋಡುವ ರೂಢಿ ಇಲ್ಲ. ಕೊಟ್ಟ ಹಣ ಖರ್ಚಾಯಿತೇ, ಮಾರ್ಚ್ 31ಕ್ಕೆ ಎಷ್ಟು ಉಳಿಯಿತು ಎಂದು ಕೇಳುತ್ತಾರೆ. ಆ ಖರ್ಚು ಹುಟ್ಟಿದ್ದೇ ಯಾಕೆ ಎಂದು ಕೇಳುವವರು ಸಿಗುವುದಿಲ್ಲ. ಇದು ಸದಸ್ಯರ ಅಸಡ್ಡೆಯಿಂದ ಮಾತ್ರ ಆದದ್ದಲ್ಲ. ಬಜೆಟ್ ಪುಸ್ತಕಗಳನ್ನು ಜೋಡಿಸಿರುವ ಕ್ರಮದಲ್ಲೇ ಇದಕ್ಕೆ ಕಾರಣವಿದೆ.

ಒಬ್ಬ ಕೈದಿಯ ಖರ್ಚು ಎಷ್ಟು ಪುಸ್ತಕಗಳಲ್ಲಿ?

ಸಂವಿಧಾನದ ಏಳನೇ ಅನುಸೂಚಿಯಲ್ಲಿ ಜೈಲು ರಾಜ್ಯ ಪಟ್ಟಿಯ 4ನೇ ನಮೂದು. ನ್ಯಾಯಾಡಳಿತ 1976ರ 42ನೇ ತಿದ್ದುಪಡಿಯಿಂದ ಸಮವರ್ತಿ ಪಟ್ಟಿಗೆ ಬಂತು. ಹಾಗಾಗಿ ಜೈಲಿನ ಖರ್ಚಿನ ಬಹುಪಾಲಿಗೆ ಒಪ್ಪಿಗೆ ಕೊಡುವುದು ವಿಧಾನಸಭೆ. ಬಜೆಟ್‌ನಲ್ಲಿ ಇಲಾಖೆವಾರು ಅನುದಾನದ ಕೋರಿಕೆಗೆ ಬೇಡಿಕೆ ಎನ್ನುತ್ತಾರೆ, ಖರ್ಚಿನ ಬಗೆಯನ್ನು ಗುರುತಿಸುವ ಸಂಖ್ಯೆಗೆ ಲೆಕ್ಕಶೀರ್ಷಿಕೆ. ಕರ್ನಾಟಕದ ಬಜೆಟ್‌ನಲ್ಲಿ ಜೈಲು ಬರುವುದು 5ನೇ ಬೇಡಿಕೆಯಲ್ಲಿ, ಒಳಾಡಳಿತ ಮತ್ತು ಸಾರಿಗೆಯ ಜೊತೆ, ಲೆಕ್ಕಶೀರ್ಷಿಕೆ 2056ರ ಅಡಿ. ಕೋರ್ಟುಗಳು 27ನೇ ಬೇಡಿಕೆಯಾದ ಕಾನೂನು ಇಲಾಖೆಯಲ್ಲಿ, 2014ರ ಅಡಿ. ಪೊಲೀಸ್ ಶೀರ್ಷಿಕೆ 2055. ಲೋಕೋಪಯೋಗಿ ಇಲಾಖೆಯದು 20ನೇ ಬೇಡಿಕೆ, ಆರೋಗ್ಯ ಇಲಾಖೆಯದು 22ನೆಯದು. ಸರ್ಕಾರಿ ಕಟ್ಟಡಗಳ ಬಂಡವಾಳ ವೆಚ್ಚಕ್ಕೆ 4059 ಎಂಬ ಬೇರೆಯೇ ಶೀರ್ಷಿಕೆ.

ಒಬ್ಬ ವಿಚಾರಣಾಧೀನ ಕೈದಿಗೆ ಒಂದು ದಿನದ ವಾಯಿದೆ ಇದೆ ಎಂದುಕೊಳ್ಳಿ. ಬೆಳಿಗ್ಗೆ ಅವನ ತಿಂಡಿ, ಅವನನ್ನು ಲಾಕಪ್‌ನಿಂದ ಹೊರಬಿಟ್ಟು ರಿಜಿಸ್ಟರ್‌ನಲ್ಲಿ ಬರೆಯುವ ವಾರ್ಡರ್‌ನ ಸಂಬಳ 2056ರಲ್ಲಿ. ಅವನನ್ನು ಕರೆದೊಯ್ಯಲು ಬರುವ ಜಿಲ್ಲಾ ಸಶಸ್ತ್ರ ಮೀಸಲು ಪಡೆಯ ಸಿಬ್ಬಂದಿ, ವ್ಯಾನು, ಡೀಸೆಲ್ 2055ರಲ್ಲಿ. ನ್ಯಾಯಾಧೀಶರು, ಬೆಂಚ್ ಕ್ಲರ್ಕ್, ಸರ್ಕಾರಿ ಅಭಿಯೋಜಕರು ಕಾನೂನು, ಒಳಾಡಳಿತದ ಬೇರೆ ಬೇರೆ ಸಾಲುಗಳಲ್ಲಿ. ಅವನ ಪರ ಕಾನೂನು ನೆರವಿನ ವಕೀಲರಿದ್ದರೆ ಆ ಶುಲ್ಕ ಕಾನೂನು ಸೇವಾ ಪ್ರಾಧಿಕಾರದ್ದು. ಎಸ್ಕಾರ್ಟ್ ಸಿಗದೆ ವಿಡಿಯೊ ಮೂಲಕ ಹಾಜರುಪಡಿಸಿದರೆ ಕೋರ್ಟಿನ ಕಡೆಯ ಪರದೆ, ಕೇಬಲ್‌ಗಳಿಗೆ ಹಣ ಕೋರ್ಟುಗಳನ್ನು ಗಣಕೀಕರಿಸುವ ಕೇಂದ್ರದ ಇ-ಕೋರ್ಟ್ಸ್ ಯೋಜನೆಯಿಂದ ಬಂದಿರಬಹುದು.

ಸಾಕ್ಷಿ ಬರಲಿಲ್ಲ, ಮುಂದಿನ ತಿಂಗಳಿಗೆ ವಾಯಿದೆ ಬಿತ್ತು ಅನ್ನಿ. ಆ ಒಂದು ವಾಯಿದೆಯ ಬೆಲೆ ಎಷ್ಟು? ಯಾವ ಪುಸ್ತಕದಲ್ಲೂ ಇಲ್ಲ. ತಡವಾಗಲು ಕಾರಣವಾದ ಇಲಾಖೆಯ ಖಾತೆಗೆ ಒಂದು ರೂಪಾಯಿಯ ಹೊರೆಯೂ ಬೀಳುವುದಿಲ್ಲ. ಇನ್ನೊಂದು ತಿಂಗಳ ಊಟ, ಔಷಧ, ಕಾವಲು ಜೈಲಿನ ಖಾತೆಗೆ ಬೀಳುತ್ತದೆ. ಜೈಲು ಅಧೀಕ್ಷಕರಿಗೆ ಒಳಗೆ ಬರುವವರ ಸಂಖ್ಯೆಯ ಮೇಲೆ ಹಿಡಿತವಿಲ್ಲ, ಹೊರಗೆ ಹೋಗುವವರ ಸಂಖ್ಯೆಯ ಮೇಲೂ ಇಲ್ಲ. ಆದರೂ ಬಿಲ್ಲು ಅವರದೇ. ಲೆಕ್ಕಪತ್ರ ಸಮಿತಿಯ ಮುಂದೆ ನಿಂತು ಉತ್ತರಿಸಬೇಕಾದದ್ದೂ ಅವರ ಇಲಾಖೆಯೇ.

ಮತಕ್ಕೆ ಬಾರದ ಹಣ, ಚರ್ಚೆಗೆ ಬರಬಹುದಾದ ಹಣ

ನ್ಯಾಯಾಂಗದ ಖರ್ಚಿನ ವಿಷಯದಲ್ಲಿ ಇನ್ನೊಂದು ತೊಡಕಿದೆ. ಹೈಕೋರ್ಟ್ ನ್ಯಾಯಮೂರ್ತಿಗಳ ಸಂಬಳ 202ನೇ ವಿಧಿಯಂತೆ, ಹೈಕೋರ್ಟಿನ ಆಡಳಿತ ವೆಚ್ಚ 229(3)ನೇ ವಿಧಿಯಂತೆ ರಾಜ್ಯದ ಸಂಚಿತ ನಿಧಿಯ ಮೇಲೆ ಪ್ರಭೃತ, ಅಂದರೆ ಆ ನಿಧಿಯಿಂದ ನೇರವಾಗಿ ಕೊಡಲೇಬೇಕಾದ ವೆಚ್ಚ. ಈ ಮೊತ್ತಗಳನ್ನು ಸದನ ಮತಕ್ಕೆ ಹಾಕುವಂತಿಲ್ಲ. ನ್ಯಾಯಾಂಗದ ಕತ್ತು ಸರ್ಕಾರದ ಕೈಗೆ ಸಿಗಬಾರದೆಂದು ಸಂವಿಧಾನ ಕರ್ತೃಗಳು ಮಾಡಿದ ಏರ್ಪಾಡು ಇದು. ಅದು ಹಾಗೆಯೇ ಇರಬೇಕು.

ಆದರೆ ಅದೇ ಸಂವಿಧಾನದ 203ನೇ ವಿಧಿ, ಪ್ರಭೃತ ವೆಚ್ಚದ ಮೇಲೆ ಚರ್ಚೆ ಮಾಡಲು ಯಾವ ಅಡ್ಡಿಯೂ ಇಲ್ಲ ಎಂದು ಸ್ಪಷ್ಟವಾಗಿ ಹೇಳುತ್ತದೆ. ಸಂಸತ್ತಿಗೆ 113ನೇ ವಿಧಿಯಲ್ಲೂ ಇದೇ ಮಾತಿದೆ. 211ನೇ ವಿಧಿ ತಡೆಯುವುದು ಸುಪ್ರೀಂ ಕೋರ್ಟ್ ಮತ್ತು ಹೈಕೋರ್ಟ್ ನ್ಯಾಯಮೂರ್ತಿಗಳು ಕರ್ತವ್ಯ ನಿರ್ವಹಣೆಯಲ್ಲಿ ನಡೆದುಕೊಂಡ ರೀತಿಯ ಚರ್ಚೆಯನ್ನು. ಕೋರ್ಟುಗಳಲ್ಲಿ ಎಷ್ಟು ಹುದ್ದೆ ಖಾಲಿ ಇದೆ, ತಾಲ್ಲೂಕು ನ್ಯಾಯಾಲಯದ ಕಟ್ಟಡ ಯಾಕೆ ಅರ್ಧಕ್ಕೆ ನಿಂತಿದೆ ಎಂದು ಕೇಳುವುದು ಆ ನಿಷೇಧದೊಳಗೆ ಬರುವುದೇ ಇಲ್ಲ. ಜಿಲ್ಲಾ ಮತ್ತು ತಾಲ್ಲೂಕು ನ್ಯಾಯಾಲಯಗಳ ಹಣವಂತೂ ಸದನದ ಮತಕ್ಕೇ ಬರುತ್ತದೆ, ಮತ್ತು ವಿಚಾರಣಾಧೀನರ ಭವಿಷ್ಯ ತೀರ್ಮಾನವಾಗುವುದು ಹೆಚ್ಚಾಗಿ ಅಲ್ಲೇ. ನ್ಯಾಯಾಂಗದ ವಿಷಯ, ನಾವು ಮಾತಾಡುವುದು ಬೇಡ ಎಂದು ಸದಸ್ಯರು ಹಿಂದೆ ಸರಿದರೆ ತಾವೇ ಮತ ಹಾಕಿ ಕೊಟ್ಟ ಹಣದ ಬಗ್ಗೆಯೂ ಸುಮ್ಮನಾದಂತೆ.

ದೆಹಲಿಯಲ್ಲಿ ನಡೆಯುವ ಪರಿಶೀಲನೆ

ಕೇಂದ್ರದಲ್ಲಿ ಬಜೆಟ್ ಮಂಡನೆಯಾದ ಮೇಲೆ ಸಂಸತ್ತು ಕೆಲವು ವಾರ ಬಿಡುವು ಪಡೆಯುತ್ತದೆ. ಆ ಅವಧಿಯಲ್ಲಿ ಇಲಾಖಾ ಸಂಬಂಧಿತ ಸ್ಥಾಯಿ ಸಮಿತಿಗಳು ಒಂದೊಂದು ಸಚಿವಾಲಯದ ಬೇಡಿಕೆಯನ್ನೂ ನೋಡುತ್ತವೆ. 1993ರಲ್ಲಿ 17 ಇದ್ದ ಈ ಸಮಿತಿಗಳು 2004ರಲ್ಲಿ 24 ಆದವು. ಒಂದೊಂದರಲ್ಲೂ 31 ಸದಸ್ಯರು, 21 ಮಂದಿ ಲೋಕಸಭೆಯವರು, 10 ಮಂದಿ ರಾಜ್ಯಸಭೆಯವರು. ಜೈಲು ಗೃಹ ವ್ಯವಹಾರಗಳ ಸಮಿತಿಗೆ ಸೇರಿದ್ದು, ಕೋರ್ಟುಗಳು ಸಿಬ್ಬಂದಿ, ಸಾರ್ವಜನಿಕ ಕುಂದುಕೊರತೆ, ಕಾನೂನು ಮತ್ತು ನ್ಯಾಯ ಸಮಿತಿಗೆ ಸೇರಿದ್ದು. ಎರಡಕ್ಕೂ ಕಚೇರಿ ರಾಜ್ಯಸಭಾ ಸಚಿವಾಲಯವೇ. 2023ರಲ್ಲಿ ಎರಡು ಸಮಿತಿಗಳೂ ಒಳ್ಳೆಯ ಕೆಲಸ ಮಾಡಿದವು. ನ್ಯಾಯಾಂಗ ಪ್ರಕ್ರಿಯೆಗಳ ಸುಧಾರಣೆ ಕುರಿತ 133ನೇ ವರದಿ ಆಗಸ್ಟ್‌ನಲ್ಲಿ ಬಂತು. ಜೈಲುಗಳ ಸ್ಥಿತಿಗತಿ, ಮೂಲಸೌಕರ್ಯ, ಸುಧಾರಣೆ ಕುರಿತ 245ನೇ ವರದಿ ಸೆಪ್ಟೆಂಬರ್‌ನಲ್ಲಿ ಬಂತು. ಒಂದೇ ಕಟ್ಟಡದಲ್ಲಿ, ತಿಂಗಳ ಅಂತರದಲ್ಲಿ, ಒಂದೇ ಸಮಸ್ಯೆಯ ಎರಡು ತುದಿಗಳನ್ನು ಎರಡು ಸಮಿತಿಗಳು ಬೇರೆ ಬೇರೆಯಾಗಿ ಬರೆದವು.

ಸಮಿತಿಯ ವರದಿಗೆ ಸರ್ಕಾರ ಕ್ರಮ ಕೈಗೊಂಡ ಬಗ್ಗೆ ಉತ್ತರ ಕೊಡಬೇಕು. ಜೈಲಿನ ವಿಷಯದಲ್ಲಿ ಆ ಉತ್ತರ ಬಹುತೇಕ ಮೊದಲೇ ಗೊತ್ತಿರುತ್ತದೆ: ಜೈಲು ರಾಜ್ಯಗಳ ವಿಷಯ, ರಾಜ್ಯಗಳಿಗೆ ಸಲಹಾ ಪತ್ರ ಕಳುಹಿಸಲಾಗಿದೆ. ಕೇಂದ್ರ 2016ರಲ್ಲಿ ಮಾದರಿ ಜೈಲು ಕೈಪಿಡಿ ಕೊಟ್ಟಿತು, 2023ರಲ್ಲಿ 1894ರ ಜೈಲು ಕಾಯ್ದೆಗೆ ಬದಲಾಗಿ ಮಾದರಿ ಕಾಯ್ದೆಯನ್ನೂ ಕೊಟ್ಟಿತು. ಎರಡೂ ಮಾದರಿಗಳೇ. ಸಂಸದೀಯ ಸಮಿತಿ ಎಷ್ಟೇ ಕಟ್ಟುನಿಟ್ಟಾಗಿ ಬರೆದರೂ ಅದು ಬೀದರ್‌ನ ಜೈಲಿಗೋ ಹಿಂಡಲಗಾ ಜೈಲಿಗೋ ತಲುಪಬೇಕಾದರೆ ಬೆಂಗಳೂರಿನ ವಿಧಾನಸೌಧದ ಮೂಲಕವೇ ಹೋಗಬೇಕು. ಆ ವರದಿಯನ್ನು ಅಲ್ಲಿ ಮಂಡಿಸಿ ಉತ್ತರ ಕೊಡಬೇಕೆಂಬ ನಿಯಮ ಎಲ್ಲೂ ಇಲ್ಲ.

ಕೊನೆಗೆ ಮತದಾನ. ಲೋಕಸಭೆಯಲ್ಲಿ ಕೆಲವೇ ಸಚಿವಾಲಯಗಳ ಬೇಡಿಕೆ ಚರ್ಚೆಗೆ ಬರುತ್ತದೆ. ಉಳಿದದ್ದಕ್ಕೆಲ್ಲ ಕೊನೆಯ ದಿನ ಗಿಲೊಟಿನ್, ಅಂದರೆ ಒಂದೇ ಏಟಿಗೆ ಮತ. 2023ರ ಮಾರ್ಚ್ 23ರಂದು ಗದ್ದಲದ ನಡುವೆ ಎಲ್ಲ ಸಚಿವಾಲಯಗಳ ಬೇಡಿಕೆಗಳೂ ಚರ್ಚೆಯೇ ಇಲ್ಲದೆ ಅಂಗೀಕಾರವಾದವು. ಸುಮಾರು 45 ಲಕ್ಷ ಕೋಟಿ ರೂಪಾಯಿ ಬಜೆಟ್ ಅದು. ಕಡಿತ ಸೂಚನೆಗಳು ನಿಯಮಾವಳಿಯಲ್ಲಿ ಇವೆ: ಬೇಡಿಕೆಯನ್ನು 1 ರೂಪಾಯಿಗೆ ಇಳಿಸುವ ನೀತಿ ಕಡಿತ, ನಿರ್ದಿಷ್ಟ ಮೊತ್ತದ ಮಿತವ್ಯಯ ಕಡಿತ, 100 ರೂಪಾಯಿಯ ಸಾಂಕೇತಿಕ ಕಡಿತ. ಬಹುಮತವಿರುವ ಸರ್ಕಾರದ ಮುಂದೆ ಇವು ಬೀಳುತ್ತವೆ. ಆದರೂ 100 ರೂಪಾಯಿಯ ಸೂಚನೆ ಕೊಟ್ಟರೆ ಒಂದು ನಿರ್ದಿಷ್ಟ ಕುಂದುಕೊರತೆ ಸದನದ ದಾಖಲೆಗೆ ಹೋಗುತ್ತದೆ, ಸಚಿವರು ಉತ್ತರಿಸಬೇಕಾಗುತ್ತದೆ. ಬೇಡಿಕೆಯೇ ಗಿಲೊಟಿನ್‌ಗೆ ಹೋದರೆ ಆ ಅವಕಾಶವೂ ಅದರ ಜೊತೆಗೇ ಹೋಯಿತು.

20 ಕೋಟಿಯ ಒಂದು ಯೋಜನೆ, ಹತ್ತಿರದಿಂದ

ಪರಿಶೀಲನೆ ಎಲ್ಲಿ ದಾರಿ ತಪ್ಪುತ್ತದೆ ಎಂದು ತಿಳಿಯಲು ದೊಡ್ಡ ಮೊತ್ತಗಳಿಗಿಂತ ಚಿಕ್ಕದೊಂದು ಯೋಜನೆ ಚೆನ್ನಾಗಿ ಸಹಾಯ ಮಾಡುತ್ತದೆ. 2023ರ ಕೇಂದ್ರ ಬಜೆಟ್‌ನಲ್ಲಿ ಬಡ ಕೈದಿಗಳಿಗೆ ನೆರವು ಘೋಷಣೆಯಾಯಿತು. ವರ್ಷಕ್ಕೆ 20 ಕೋಟಿ ರೂಪಾಯಿ. ಜಾಮೀನು ಮಂಜೂರಾಗಿದ್ದೂ ಹಣವಿಲ್ಲದೆ ಒಳಗಿರುವ ವಿಚಾರಣಾಧೀನನಿಗೆ 40,000 ರೂಪಾಯಿವರೆಗೆ, ದಂಡ ಕಟ್ಟಲಾಗದೆ ಉಳಿದ ಶಿಕ್ಷಾಬಂದಿಗೆ 25,000 ರೂಪಾಯಿವರೆಗೆ ನೆರವು ಎಂದು ಆಗ ನಿಗದಿಯಾಗಿತ್ತು. 40,000ದ ಆ ಗರಿಷ್ಠ ಮೊತ್ತವನ್ನೇ ಕೊಟ್ಟರೂ ವರ್ಷಕ್ಕೆ 5,000 ಮಂದಿ ಹೊರಬರಬಹುದಿತ್ತು. ಸರಾಸರಿ 10,000 ರೂಪಾಯಿ ಸಾಕಾದರೆ 20,000 ಮಂದಿ. ಪ್ರಕರಣ ಮುಗಿದ ಮೇಲೆ ಜಾಮೀನಿನ ಹಣ ಸರ್ಕಾರಕ್ಕೇ ಮರಳಬೇಕು, ಹಾಗಾಗಿ ನಿಜವಾದ ಖರ್ಚು ಇನ್ನೂ ಕಡಿಮೆ.

2023ರ ಜೂನ್‌ನ ಮಾರ್ಗಸೂಚಿ ಹೇಳಿದ ಹಾದಿ ಹೀಗಿತ್ತು. ಜಾಮೀನು ಆದೇಶವಾಗಿ 7 ದಿನದೊಳಗೆ ಕೈದಿ ಬಿಡುಗಡೆಯಾಗದಿದ್ದರೆ ಜೈಲಿನವರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಕಾರ್ಯದರ್ಶಿಗೆ ತಿಳಿಸಬೇಕು. ಅವರು ಪರಿವೀಕ್ಷಣಾಧಿಕಾರಿ, ಸಮಾಜ ಕಾರ್ಯಕರ್ತರ ನೆರವಿನಿಂದ ಅವನ ಆರ್ಥಿಕ ಸ್ಥಿತಿ ವಿಚಾರಿಸಿ 10 ದಿನದಲ್ಲಿ ವರದಿ ಪಡೆಯಬೇಕು. ಎರಡು ಮೂರು ವಾರಕ್ಕೊಮ್ಮೆ ಸೇರುವ ಜಿಲ್ಲಾ ಅಧಿಕಾರಯುಕ್ತ ಸಮಿತಿಯ ಮುಂದೆ ಇಡಬೇಕು. ಆ ಸಮಿತಿಯಲ್ಲಿ ಜಿಲ್ಲಾಧಿಕಾರಿ, ಎಸ್‌ಪಿ, ಪ್ರಾಧಿಕಾರದ ಕಾರ್ಯದರ್ಶಿ, ಜೈಲು ಅಧೀಕ್ಷಕರು, ಜಿಲ್ಲಾ ನ್ಯಾಯಾಧೀಶರು ನೇಮಿಸಿದ ನ್ಯಾಯಾಧೀಶರು ಇರುತ್ತಾರೆ. ಎಲ್ಲವೂ ಗಡುವಿನೊಳಗೆ ನಡೆದರೂ 7, 10, ಮತ್ತು ಸಭೆಗಾಗಿ 21 ಸೇರಿ 38 ದಿನ ಹೋಗಬಹುದಿತ್ತು. ಜಿಲ್ಲಾಧಿಕಾರಿ, ಎಸ್‌ಪಿ ಇಬ್ಬರೂ ಚುನಾವಣೆ ಅಥವಾ ಬಂದೋಬಸ್ತಿನಲ್ಲಿದ್ದರೆ ಸಭೆ ಮುಂದಕ್ಕೆ ಹೋಗುತ್ತದೆ.

ಇದಕ್ಕಿಂತ ದೊಡ್ಡ ಅಡ್ಡಿ ಬೇರೆ ಇದೆ. ನಮ್ಮ ಕೋರ್ಟುಗಳ ಜಾಮೀನು ಆದೇಶಗಳಲ್ಲಿ ಸಾಮಾನ್ಯವಾಗಿ ಇರುವುದು ಇಷ್ಟು ಮೊತ್ತದ ಸ್ವಂತ ಬಾಂಡ್ ಮತ್ತು ಅಷ್ಟೇ ಮೊತ್ತಕ್ಕೆ ಒಬ್ಬರೋ ಇಬ್ಬರೋ ಶ್ಯೂರಿಟಿ. ನಗದು ಕಟ್ಟು ಎಂದಿರುವುದಿಲ್ಲ. ಶ್ಯೂರಿಟಿ ಕೊಡುವವರು ಪಹಣಿ, ಕಂದಾಯದ ರಸೀದಿ ಅಥವಾ ಸಂಬಳದ ಚೀಟಿ, ಆಧಾರ್, ಪ್ರಮಾಣಪತ್ರ ಹಿಡಿದು ಕೋರ್ಟಿಗೆ ಬರಬೇಕು. ಬಿಹಾರದಿಂದಲೋ ಒಡಿಶಾದಿಂದಲೋ ಬಂದು ಬೆಂಗಳೂರಿನ ಕಟ್ಟಡ ಕೆಲಸದಲ್ಲಿದ್ದವನ ಪರವಾಗಿ ಪಹಣಿ ಹಿಡಿದು ನಿಲ್ಲುವವರು ಯಾರು? ಸರ್ಕಾರದ ಯೋಜನೆ ಕೊಡುವುದು ಹಣ, ಕೋರ್ಟು ಕೇಳುತ್ತಿರುವುದು ಮನುಷ್ಯನನ್ನು. ಬಾಂಡಿಗೆ ಬದಲಾಗಿ ನಗದು ಠೇವಣಿಗೆ ಒಪ್ಪುವ ಅಧಿಕಾರ ಕೋರ್ಟಿಗಿದೆ. ಆದರೆ ಅದಕ್ಕೆ ಯಾರಾದರೂ ಅರ್ಜಿ ಹಾಕಿ ಷರತ್ತು ಬದಲಿಸಿಕೊಳ್ಳಬೇಕು. ಆ ಅರ್ಜಿ ಹಾಕಬೇಕಾದ ಕಾನೂನು ನೆರವಿನ ವಕೀಲರ ಕೆಲಸ ಜಾಮೀನು ಆದೇಶ ಬಂದ ದಿನಕ್ಕೇ ಮುಗಿಯಿತು ಎಂದು ಎಷ್ಟೋ ಕಡೆ ಭಾವಿಸಲಾಗುತ್ತದೆ.

ಸುಪ್ರೀಂ ಕೋರ್ಟ್ 2023ರ ಜನವರಿ 31ರ ಆದೇಶದಲ್ಲಿ ಇದಕ್ಕೆ ಅರ್ಧ ಪರಿಹಾರವನ್ನೇ ಕೊಟ್ಟಿತ್ತು: ಜಾಮೀನು ಆದೇಶವನ್ನು ಅದೇ ದಿನ ಅಥವಾ ಮರುದಿನ ಜೈಲಿಗೆ ಇಮೇಲ್ ಮಾಡಬೇಕು, ತಿಂಗಳೊಳಗೆ ಬಾಂಡ್ ಕೊಡಲಾಗದಿದ್ದರೆ ಕೋರ್ಟು ತಾನಾಗಿಯೇ ಷರತ್ತು ಸಡಿಲಿಸುವುದನ್ನು ಪರಿಗಣಿಸಬಹುದು, ಸ್ಥಳೀಯ ಶ್ಯೂರಿಟಿಯೇ ಬೇಕೆಂದು ಹಟ ಹಿಡಿಯಬಾರದು. ಇಷ್ಟೆಲ್ಲ ಇದ್ದೂ ಯೋಜನೆಯ ಹಣ ಅಷ್ಟಾಗಿ ಕದಲಲಿಲ್ಲ. ಅರ್ಹರನ್ನು ಗುರುತಿಸಿ ಎಂದು ಗೃಹ ಸಚಿವಾಲಯವೇ ರಾಜ್ಯಗಳಿಗೆ ಮತ್ತೆ ಮತ್ತೆ ಬರೆಯಬೇಕಾಯಿತು. ಮಾದಕ ವಸ್ತು (ಎನ್‌ಡಿಪಿಎಸ್), ಅಕ್ರಮ ಹಣ ವರ್ಗಾವಣೆ (ಪಿಎಂಎಲ್‌ಎ), ಕಾನೂನುಬಾಹಿರ ಚಟುವಟಿಕೆ (ಯುಎಪಿಎ), ಭ್ರಷ್ಟಾಚಾರ ತಡೆ ಕಾಯ್ದೆಗಳ ಆರೋಪಿಗಳನ್ನು ಹೊರಗಿಟ್ಟದ್ದು, ಒಂದು ಪ್ರಕರಣದಲ್ಲಿ ಜಾಮೀನು ಸಿಕ್ಕರೂ ಇನ್ನೊಂದು ಪ್ರಕರಣಕ್ಕೆ ಹಾಜರುಪಡಿಸಲು ಬೇರೆ ಠಾಣೆಯ ಬಾಡಿ ವಾರಂಟ್ ಕಾದಿರುವುದು, ಇವೂ ಅರ್ಹರ ಸಂಖ್ಯೆಯನ್ನು ಇಳಿಸುತ್ತವೆ.

ಇಂಥ ಯೋಜನೆಗೆ ಸಮಿತಿಗಳು ಕೇಳುವ ಪ್ರಶ್ನೆ ಸಾಮಾನ್ಯವಾಗಿ ಮಂಜೂರು ಎಷ್ಟು, ಬಿಡುಗಡೆ ಎಷ್ಟು, ಬಳಕೆ ಎಷ್ಟು. ಬಳಕೆ ಕಡಿಮೆ ಎಂದು ಗೊತ್ತಾದರೆ ಮುಂದಿನ ವರ್ಷದ ಹಣಕ್ಕೆ ಕತ್ತರಿ ಬೀಳುತ್ತದೆ, ಅಥವಾ ಬಳಕೆ ಹೆಚ್ಚಿಸಿ ಎಂಬ ಶಿಫಾರಸು ಬರುತ್ತದೆ. ಕೇಳಬೇಕಾದದ್ದು ಬೇರೆ. ಜಾಮೀನಾಗಿ 7 ದಿನ ದಾಟಿದವರು ಜಿಲ್ಲೆಯಲ್ಲಿ ಎಷ್ಟು ಮಂದಿ? ಅವರಲ್ಲಿ ಎಷ್ಟು ಹೆಸರು ಪ್ರಾಧಿಕಾರಕ್ಕೆ ಹೋಯಿತು? ಸಮಿತಿ ಯಾವ್ಯಾವ ತಾರೀಕು ಸೇರಿತು? ನಗದು ಠೇವಣಿಗೆ ಎಷ್ಟು ಅರ್ಜಿ ಹಾಕಲಾಯಿತು, ಎಷ್ಟಕ್ಕೆ ಕೋರ್ಟು ಒಪ್ಪಿತು? ಈ ಸಾಲಿನಲ್ಲಿ ಸಂಖ್ಯೆ ಎಲ್ಲಿ ಧುತ್ತೆಂದು ಕುಸಿಯುತ್ತದೋ ದೋಷ ಅಲ್ಲಿದೆ. ಜೈಲಿನಿಂದ ಹೆಸರೇ ಹೋಗಿಲ್ಲವಾದರೆ ಗೃಹ ಇಲಾಖೆ ಉತ್ತರಿಸಬೇಕು, ಅರ್ಜಿಯೇ ಹಾಕಿಲ್ಲವಾದರೆ ಕಾನೂನು ಇಲಾಖೆ. ಗೃಹ ಇಲಾಖೆಯ ಕಾರ್ಯದರ್ಶಿಯನ್ನು ಮಾತ್ರ ಕರೆಸುವ ಸಮಿತಿಗೆ ಈ ಉತ್ತರ ಅರ್ಧ ಮಾತ್ರ ಸಿಗುತ್ತದೆ.

ಕಟ್ಟಡದ ಹಣ

ಕೋರ್ಟು ಕಟ್ಟಡಗಳಿಗೆ ಕೇಂದ್ರ ನೆರವಿನ ಯೋಜನೆ 1993-94ರಿಂದ ಇದೆ. 2021ರಲ್ಲಿ ಅದನ್ನು 2025-26ರವರೆಗೆ ಮುಂದುವರಿಸಿದಾಗ ಒಟ್ಟು 9,000 ಕೋಟಿ, ಅದರಲ್ಲಿ ಕೇಂದ್ರದ ಪಾಲು 5,307 ಕೋಟಿ ಎಂದು ಲೆಕ್ಕ ಹಾಕಲಾಯಿತು. ಹೆಚ್ಚಿನ ರಾಜ್ಯಗಳಿಗೆ 60:40ರ ಅನುಪಾತ. ಹಣ ಸಿಕ್ಕಿಬೀಳುವ ಜಾಗಗಳು ಈ ಕ್ಷೇತ್ರದವರಿಗೆಲ್ಲ ಗೊತ್ತು: ನಿವೇಶನದ ತಕರಾರು, ಲೋಕೋಪಯೋಗಿ ಅಂದಾಜುಪಟ್ಟಿಯ ಪರಿಷ್ಕರಣೆ, ರಾಜ್ಯದ 40ರ ಪಾಲು ಬಿಡುಗಡೆಯಾಗುವುದು ತಡ, ಬಳಕೆ ಪ್ರಮಾಣಪತ್ರ ಹೋಗದೆ ಮುಂದಿನ ಕಂತು ತಡೆ. ಕೇಂದ್ರದ ಲೆಕ್ಕದಲ್ಲಿ ಹಣ ಬಿಡುಗಡೆಯಾದ ದಿನವೇ ಅದು ಖರ್ಚು. ರಾಜ್ಯದ ಖಾತೆಯಲ್ಲಿ ಅದು ತಿಂಗಳುಗಟ್ಟಲೆ ಕೂತಿರಬಹುದು. ಒಂದು ಯೋಜನೆಯ ಹಣವೆಲ್ಲ ಒಂದೇ ಖಾತೆಯ ಮೂಲಕ ಹೋಗುವ ಏಕ ನೋಡಲ್ ಖಾತೆಯ ಪದ್ಧತಿ ಬಂದ ಮೇಲೆ ಹೀಗೆ ಕೂತ ಹಣ ಕಣ್ಣಿಗೆ ಬೀಳುತ್ತದೆ, ಅದು ಒಳ್ಳೆಯ ಬದಲಾವಣೆ. ಜೈಲುಗಳ ಆಧುನೀಕರಣಕ್ಕೆ 2021-26ರ ಅವಧಿಗೆ ಕೊಟ್ಟದ್ದು 950 ಕೋಟಿ, ಇ-ಕೋರ್ಟ್ಸ್ ಮೂರನೇ ಹಂತಕ್ಕೆ 2023ರಲ್ಲಿ ಒಪ್ಪಿದ್ದು 7,210 ಕೋಟಿ.

ಲೆಕ್ಕಪತ್ರ ಸಮಿತಿ ಬರುವ ಹೊತ್ತಿಗೆ

ಖರ್ಚಾದ ಮೇಲಿನ ಪರಿಶೀಲನೆ ಸಾರ್ವಜನಿಕ ಲೆಕ್ಕಪತ್ರಗಳ ಸಮಿತಿಯದು. ಸಂಸತ್ತಿನ ಸಮಿತಿಯ ಮೂಲ 1921ರದು. ಈಗ 22 ಸದಸ್ಯರಿದ್ದಾರೆ, 1967ರಿಂದ ವಿರೋಧ ಪಕ್ಷದವರೇ ಅಧ್ಯಕ್ಷರು. ಮಹಾಲೆಕ್ಕ ಪರಿಶೋಧಕರ ವರದಿ 151ನೇ ವಿಧಿಯಂತೆ ಸದನದಲ್ಲಿ ಮಂಡನೆಯಾದ ಮೇಲೆ ಸಮಿತಿ ಕೆಲವು ಕಂಡಿಕೆಗಳನ್ನು ಆರಿಸಿಕೊಂಡು ಇಲಾಖೆಯ ಕಾರ್ಯದರ್ಶಿಗಳನ್ನು ಸಾಕ್ಷ್ಯಕ್ಕೆ ಕರೆಯುತ್ತದೆ. ರಾಜ್ಯಗಳಲ್ಲೂ ಹೀಗೆಯೇ. ಆದರೆ ನೀರಾವರಿ, ರಸ್ತೆ, ಗಣಿಯ ಸಾವಿರಾರು ಕೋಟಿಯ ಕಂಡಿಕೆಗಳ ನಡುವೆ ಜೈಲಿನ ಕೆಲವು ಕೋಟಿಯ ಕಂಡಿಕೆ ಸರದಿಯಲ್ಲಿ ಹಿಂದೆ ಬೀಳುತ್ತದೆ. ಅದು ಮುಂದೆ ಬರುವಷ್ಟರಲ್ಲಿ ಅಂದಿನ ಅಧಿಕಾರಿ ವರ್ಗವಾಗಿರುತ್ತಾರೆ, ಗುತ್ತಿಗೆದಾರನ ಬಿಲ್ಲೂ ಸಂದಾಯವಾಗಿರುತ್ತದೆ.

ಈ ಸಮಿತಿ ಪದ್ಧತಿಯ ತವರಾದ ಬ್ರಿಟನ್ನಿನಲ್ಲಿ ನಡೆದದ್ದನ್ನು ಇಲ್ಲಿ ನೋಡಬೇಕು. ಅಲ್ಲಿನ ಸಮಿತಿ 1861ರದು. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಜೈಲು, ಕೋರ್ಟು ಎರಡೂ ಒಂದೇ ನ್ಯಾಯ ಸಚಿವಾಲಯದ ಬಜೆಟ್‌ನಲ್ಲಿವೆ. 2020ರ ದಶಕದ ಮಧ್ಯದೊಳಗೆ 20,000 ಹೆಚ್ಚುವರಿ ಕೈದಿಗಳಿಗೆ ಜಾಗ ಮಾಡುತ್ತೇವೆಂದು ಸರ್ಕಾರ ಹೇಳಿತ್ತು. 2024ರ ಸೆಪ್ಟೆಂಬರ್ ಹೊತ್ತಿಗೆ ಆದದ್ದು 6,518. ವೆಚ್ಚ ಏರಿ 940 ಕೋಟಿ ಮತ್ತು 1,010 ಕೋಟಿ ಪೌಂಡ್‌ಗಳ ನಡುವೆ ಎಲ್ಲಾದರೂ ನಿಲ್ಲಬಹುದು, ಕೆಲಸ 2031ಕ್ಕೆ ಮುಗಿಯಬಹುದು, 2027ರ ಅಂತ್ಯಕ್ಕೆ 12,400 ಜಾಗಗಳ ಕೊರತೆ ಬೀಳುತ್ತದೆ ಎಂದು ಅಲ್ಲಿನ ರಾಷ್ಟ್ರೀಯ ಲೆಕ್ಕ ಪರಿಶೋಧನಾ ಕಚೇರಿ 2024ರ ಡಿಸೆಂಬರ್‌ನಲ್ಲಿ ಹೇಳಿತು. 2025ರ ಮಾರ್ಚ್‌ನಲ್ಲಿ ಒಂದೇ ಸಮಿತಿ ಗಂಭೀರ ಅಪರಾಧಗಳ ವಿಚಾರಣೆ ನಡೆಸುವ ಕ್ರೌನ್ ಕೋರ್ಟುಗಳಲ್ಲಿ ಬಾಕಿ ಉಳಿದ ಪ್ರಕರಣಗಳ ಮೇಲೂ ಜೈಲುಗಳ ಸಾಮರ್ಥ್ಯದ ಮೇಲೂ ವರದಿ ಕೊಟ್ಟಿತು. ಅಲ್ಲಿನ ಜೈಲುಗಳೇನೂ ಇದರಿಂದ ಸರಿಹೋಗಿಲ್ಲ. ಆದರೆ ಎಷ್ಟು ಜಾಗ ಬೇಕಾಗುತ್ತದೆ, ಯಾಕೆ, ಯಾವಾಗ ಎಂಬ ಮುನ್ನಂದಾಜನ್ನೇ ಲೆಕ್ಕ ಪರಿಶೋಧಕರು ಪರೀಕ್ಷೆಗೆ ಒಡ್ಡಿದರು. ನಮ್ಮಲ್ಲಿ ಲೆಕ್ಕ ಪರಿಶೋಧನೆ ಹೆಚ್ಚಾಗಿ ಟೆಂಡರ್, ಬಿಲ್ಲು, ಬಳಕೆಯಾಗದ ಯಂತ್ರದ ಹತ್ತಿರವೇ ನಿಲ್ಲುತ್ತದೆ.

ನಿಯಮ ಬದಲಿಸದೆ ಆಗುವ ಕೆಲಸ

ಬೇಕಾದ ಮಾಹಿತಿ ಇಲ್ಲ ಎಂದು ಯಾರೂ ಹೇಳುವಂತಿಲ್ಲ. ಇ-ಪ್ರಿಸನ್ಸ್ ತಂತ್ರಾಂಶದಲ್ಲಿ ಒಬ್ಬೊಬ್ಬ ಕೈದಿಯ ದಾಖಲಾತಿ ದಿನಾಂಕ, ಪ್ರಕರಣ, ಕಲಮು ಇದೆ. ಜಾಮೀನಾದ ದಿನಾಂಕವನ್ನೂ ಅದರಲ್ಲಿ ನಮೂದಿಸಬೇಕೆಂದು ಸುಪ್ರೀಂ ಕೋರ್ಟೇ ಹೇಳಿದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 479ನೇ ಕಲಮು, ಹಿಂದೆ ಯಾವ ಅಪರಾಧದಲ್ಲೂ ದೋಷಿಯೆಂದು ತೀರ್ಪಾಗದವನು ಗರಿಷ್ಠ ಶಿಕ್ಷೆಯ ಮೂರನೇ ಒಂದು ಭಾಗವನ್ನು ಕಳೆದಿದ್ದರೆ, ಉಳಿದವರು ಅರ್ಧ ಕಳೆದಿದ್ದರೆ, ಬಿಡುಗಡೆಗೆ ಅರ್ಜಿ ಹಾಕುವ ಹೊಣೆಯನ್ನು ಜೈಲು ಅಧೀಕ್ಷಕರ ಮೇಲೆಯೇ ಹೊರಿಸಿದೆ. ಮರಣದಂಡನೆ, ಜೀವಾವಧಿ ಶಿಕ್ಷೆಗೆ ಒಳಪಡುವ ಆರೋಪ ಹೊತ್ತವರಿಗೂ, ಒಂದಕ್ಕಿಂತ ಹೆಚ್ಚು ಪ್ರಕರಣ ಬಾಕಿ ಇರುವವರಿಗೂ ಇದು ಅನ್ವಯಿಸದು. ಎಷ್ಟು ಮಂದಿ ಆ ಗಡಿ ಮುಟ್ಟಿದರು, ಎಷ್ಟು ಅರ್ಜಿ ಹೋಯಿತು, ಎಷ್ಟು ಮಂದಿ ಹೊರಬಂದರು ಎಂಬ ಮೂರು ಸಂಖ್ಯೆ ಪ್ರತಿ ಜೈಲಿನಿಂದ ತೆಗೆಯುವುದು ಒಂದು ಮಧ್ಯಾಹ್ನದ ಕೆಲಸ.

ವಿಧಾನಸಭೆಯಲ್ಲಿ ಯಾವ ಬೇಡಿಕೆ ಯಾವ ದಿನ ಚರ್ಚೆಗೆ ಬರಬೇಕೆಂಬುದು ಕಾರ್ಯಕಲಾಪ ಸಲಹಾ ಸಮಿತಿಯಲ್ಲಿ ತೀರ್ಮಾನವಾಗುತ್ತದೆ. 5ನೇ ಮತ್ತು 27ನೇ ಬೇಡಿಕೆಗಳನ್ನು ಒಂದೇ ದಿನ ಒಟ್ಟಿಗೆ ಚರ್ಚೆಗೆ ತೆಗೆದುಕೊಳ್ಳಲು ಸಂವಿಧಾನ ತಿದ್ದುಪಡಿ ಬೇಡ, ನಿಯಮಾವಳಿಯ ತಿದ್ದುಪಡಿಯೂ ಬೇಡ. ಆ ದಿನಕ್ಕೆ ಮೊದಲು ಒಬ್ಬ ಶಾಸಕರು ತಮ್ಮ ಜಿಲ್ಲೆಯ ಜೈಲಿನ ಬಗ್ಗೆ ಚುಕ್ಕೆ ಗುರುತಿಲ್ಲದ, ಅಂದರೆ ಲಿಖಿತ ಉತ್ತರದ, ಒಂದು ಪ್ರಶ್ನೆ ಕೊಟ್ಟು, ಜಾಮೀನಾದ ಮೇಲೂ ಒಳಗಿರುವವರ ಸಂಖ್ಯೆಯನ್ನೂ 479ರ ಮೂರು ಸಂಖ್ಯೆಗಳನ್ನೂ ಬರೆಸಿಕೊಂಡರೆ ಸಾಕು. ಒಳಾಡಳಿತ ಸಚಿವರೂ ಕಾನೂನು ಸಚಿವರೂ ಸದನದಲ್ಲಿ ಅಕ್ಕಪಕ್ಕ ಕೂತಿರುವಾಗ ಆ ಸಂಖ್ಯೆಗೆ ಯಾರು ಹೊಣೆ ಎಂದು ಇಬ್ಬರನ್ನೂ ಒಟ್ಟಿಗೆ ಕೇಳಬಹುದು.